ದೊರೆಯ ಉಪವಾಸ

೯ನೇ ತಾರೀಖು, ಶುಕ್ರವಾರ
ಕ್ಯಾಂಟೀನಿನ ಸ್ಟೋರ್ ರೂಮು

ಪ್ರೀತಿಯ ಸೂಜಿಗೆ,

ನಿನ್ನ ಅತ್ತಿಗೆ ತಲೆ ಸವರಿ ಮಾಡುವ ಆಶೀರ್ವಾದ. ಪ್ರೆಸ್ಸಿನವರು ನಿನ್ನನ್ನು ಸೂಜಿ ಎಂದು ಕರೆದೂ ಕರೆದೂ ನನ್ನ ಬಾಯಿಗೂ ಅದೇ ಹತ್ತಿದೆ. ವಾರ್ಡಿನಲ್ಲಿ ಯಾರಾದರೂ ಆ ಹೆಸರು ಕೂಗಿದರೆ ಪಕ್ಕದ ಮಂಚದವರೆಲ್ಲ ತೋಳು ಹಿಂದಕ್ಕೆ ಎಳೆದುಕೊಳ್ಳುತ್ತಾರೋ ಏನೋ.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಇವತ್ತು ಬರೆದೆ, ನಾಳೆ ಬರೆದೆ ಎಂದು ದಿನ ತಳ್ಳಿದೆ, ಬೇಜಾರು ಮಾಡಿಕೊಳ್ಳಬೇಡ. ಈಗ ಕಾರ್ಖಾನೆಯವರ ಊಟ ಮುಗಿದು ಪಾತ್ರೆಗಳ ಸದ್ದು ಅಡಗಿದೆ. ಅಕ್ಕಿ ಮೂಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಮೂಟೆಯನ್ನು ಬೈದುಕೋ.

ಕಾಲು ಹೇಗಿದೆ? ತೊಡೆಗೆ ತೂಕ ಕಟ್ಟಿ ನೇತುಹಾಕಿದ್ದಾರೆ, ಮಗ್ಗುಲಾಗಲೂ ಬಿಡುವುದಿಲ್ಲ ಎಂದು ಬರೆದಿದ್ದೆ. ಓದಿ ಕರುಳು ಚುರ್ ಎಂದಿತು. ಆರು ವಾರದಲ್ಲಿ ಮೂರು ಕಳೆಯಿತು, ಇನ್ನು ಮೂರು ಹಲ್ಲು ಕಚ್ಚಿಕೋ. ಏಣಿ ಹತ್ತಬೇಡ ಎಂದು ಎಷ್ಟು ಸಲ ಹೇಳಿದ್ದೆ! ಮೇಲಿನ ಹಲಗೆಯಿಂದ ಪುಸ್ತಕದ ಕಟ್ಟು ಇಳಿಸಲು ಆ ಪ್ರೆಸ್ಸಿನಲ್ಲಿ ಒಬ್ಬ ಗಂಡಸು ಇರಲಿಲ್ಲವೇ? ಪುಸ್ತಕ ಹೊಲಿಯುವ ಕೈ ಉಳಿಯಿತಲ್ಲ, ದೇವರು ದೊಡ್ಡವನು.

ನಿನ್ನಣ್ಣ ಚೆನ್ನಾಗಿದ್ದಾರೆ. ಮೊನ್ನೆ ಒಂದು ಲಿಫ್ಟು ಎರಡು ಮಹಡಿಯ ನಡುವೆ ಸಿಕ್ಕಿಹಾಕಿಕೊಂಡಿತ್ತಂತೆ. ಇವರು ಹೋಗಿ ರಿಪೇರಿ ಮಾಡಿ ಬಾಗಿಲು ತೆಗೆಯುವಷ್ಟರಲ್ಲಿ ಒಳಗಿದ್ದ ಹೆಂಗಸು ಅರ್ಧ ಸ್ವೆಟರ್ ಹೆಣೆದಿದ್ದಳಂತೆ. "ಇನ್ನೊಂಚೂರು ಹೊತ್ತು ಬಿಟ್ಟಿದ್ರೆ ತೋಳೂ ಮುಗೀತಿತ್ತು" ಎಂದು ಇವರ ಮೇಲೇ ರೇಗಿದಳಂತೆ.

ನಿನ್ನ ಮುದ್ದಿನ ಮೊಲ, ದೊರೆಯೂ ಚೆನ್ನಾಗಿದ್ದಾನೆ. ನೀನು ಹೇಳಿದ ಹಾಗೆಯೇ ಹುಲ್ಲು, ನೀರು, ಸೊಪ್ಪು ಎಲ್ಲ ಹೊತ್ತುಹೊತ್ತಿಗೆ ನಡೆಯುತ್ತಿದೆ. ನೀನು ಅವನ ಯೋಚನೆ ಬಿಟ್ಟು ಮಲಗು.

ದೇವರು ನಿನ್ನ ಮೂಳೆ ಬೇಗ ಕೂಡಿಸಲಿ.

ನಿನ್ನ ಅತ್ತಿಗೆ

ತಾ.ಕ.: ನಿನ್ನ ಮನೆಯಲ್ಲಿ ಹೊಲಿಗೆಯ ದಾರದ ಚೂರು ಏನಾದರೂ ಮೊಲದ ಬಾಯಿಗೆ ಸಿಗುತ್ತಿತ್ತೇ? ಸುಮ್ಮನೆ ಕೇಳಿದೆ.


೧೪ನೇ ತಾರೀಖು, ಬುಧವಾರ
ಮನೆಯಿಂದ

ಪ್ರೀತಿಯ ಸೂಜಿ,

ಶುಕ್ರವಾರ ಹಾಕಿದ ಕಾಗದ ಇಷ್ಟು ಹೊತ್ತಿಗೆ ನಿನ್ನ ದಿಂಬಿನ ಕೆಳಗೆ ಇರುತ್ತದೆ. ದಯವಿಟ್ಟು ಅದನ್ನು ಹರಿದುಹಾಕು. ಅದರಲ್ಲಿ ನಿನ್ನಣ್ಣನ ಲಿಫ್ಟಿನ ಸುದ್ದಿಯೊಂದೇ ನಿಜ.

ಮೊದಲು ಹೇಳಬೇಕಾದದ್ದನ್ನು ಮೊದಲು ಹೇಳುತ್ತೇನೆ, ನೀನು ಗಾಬರಿಯಾಗಿ ಕಾಲು ಎಳೆದುಕೊಳ್ಳಬೇಡ. ದೊರೆ ಬದುಕಿದ್ದಾನೆ. ಈಗ ನಾನು ಬರೆಯುವ ಮೇಜಿನ ಕೆಳಗೇ ಹುಲ್ಲು ಜಗಿಯುತ್ತಿದ್ದಾನೆ. ಆದರೆ ಅವನನ್ನು ಸಾಯುವ ಮಟ್ಟಕ್ಕೆ ತಂದವಳು ನಾನು, ಆ ಪಾಪವನ್ನು ನಿನ್ನ ತಲೆಗೆ ಕಟ್ಟಲು ನೋಡಿದವಳೂ ನಾನೇ. ಫೋನಿನಲ್ಲಿ ಹೇಳೋಣವೆಂದು ಎರಡು ಸಲ ಹೋದೆ. ನೀನು "ಅತ್ತಿಗೆ, ಊಟ ಆಯ್ತಾ?" ಅಂದ ಕೂಡಲೇ ಫೋನನ್ನು ನಿನ್ನಣ್ಣನ ಕೈಗೆ ಕೊಟ್ಟುಬಿಟ್ಟೆ. ಬರೆಯುವಾಗ ಮುಖ ಕಾಣುವುದಿಲ್ಲವಲ್ಲ, ಅದಕ್ಕೇ ಕಾಗದ.

ನೀನು ಆಸ್ಪತ್ರೆಯ ಮಂಚದ ಮೇಲಿಂದ, ಮೂಳೆ ಮುರಿದ ನೋವಿನಲ್ಲೂ, ನಿನ್ನಣ್ಣನ ಕೈಯಲ್ಲಿ ಬರೆಸಿ ಕಳಿಸಿದ ಚೀಟಿಯನ್ನು ನಾನು ಓದಿದ್ದೆ. ಹುಲ್ಲು ಸದಾ ಮುಂದೆ ಇರಬೇಕು, ನೀರು ಇರಬೇಕು, ಸೊಪ್ಪು ಎರಡು ಹೊತ್ತು ಒಂದೊಂದು ಹಿಡಿ, ಬ್ರೆಡ್ಡು ಬಿಸ್ಕತ್ತು ಬೇಡವೇ ಬೇಡ, ಕ್ಯಾರೆಟ್ಟು ಬಾಳೆಹಣ್ಣು ವಾರಕ್ಕೊಮ್ಮೆ ಉಗುರಿನಷ್ಟು, ಹಿಕ್ಕೆ ದಿನಾ ನೋಡಬೇಕು, ಅರ್ಧ ದಿನ ತಿನ್ನದಿದ್ದರೆ ಡಾಕ್ಟರ ಹತ್ತಿರ ಓಡಬೇಕು. ಓದಿ ನಗು ಬಂತು. "ನಿಮ್ಮ ತಂಗಿ ಸಾಕಿರೋದು ಮೊಲಾನೋ ಮಂತ್ರೀನೋ?" ಎಂದು ನಿನ್ನಣ್ಣನನ್ನು ಕೇಳಿದೆ.

"ಅವಳು ಹೇಳಿದ ಹಾಗೆ ಮಾಡು ಮಾರಾಯ್ತಿ" ಅಂದರು.

"ದಿನಾ ಇನ್ನೂರು ಜನಕ್ಕೆ ಬಡಿಸೋಳು ನಾನು. ಒಂದು ಮೊಲದ ಹೊಟ್ಟೆ ತುಂಬಿಸೋಕೆ ನಂಗೆ ಚೀಟಿ ಬೇಕಾ?" ಅಂದೆ. ಹಾಗೆ ಅಂದು ಚೀಟಿಯನ್ನು ಸಕ್ಕರೆ ಡಬ್ಬಿಯ ಕೆಳಗೆ ಇಟ್ಟೆ. ಆ ಬಾಯಿಯನ್ನು ಈಗ ಎಲ್ಲಿ ಬಚ್ಚಿಡಲಿ ಹೇಳು.

ಅವನು ಒಣಹುಲ್ಲು ಜಗಿಯುವುದನ್ನು ನನ್ನಿಂದ ನೋಡಲಾಗಲಿಲ್ಲ. ಇದೂ ಒಂದು ಊಟವೇ, ಪಾಪ, ಅನ್ನಿಸಿತು. ಮೊದಲ ದಿನ ಕ್ಯಾಂಟೀನಿನಲ್ಲಿ ಮಿಕ್ಕ ಬ್ರೆಡ್ಡಿನ ಅಂಚು ತಂದು ಹಾಕಿದೆ. ಅವನು ಹಿಂಗಾಲ ಮೇಲೆ ಎದ್ದು ನಿಂತು ನನ್ನ ಕೈ ಮೂಸಿ ಇನ್ನೂ ಬೇಕು ಎಂದು ಕೇಳಿದ. ಅಷ್ಟೇ ಸಾಕಾಯಿತು ನನಗೆ. ಮಾರನೆಯ ದಿನ ಬಿಸ್ಕತ್ತು, ಆಮೇಲೆ ಬಾಳೆಹಣ್ಣು, ಆಮೇಲೆ ಸಿಪ್ಪೆ ತೆಗೆದ ಕ್ಯಾರೆಟ್ಟು ಇಡೀ ಇಡೀ. ನಾನು ಬಾಗಿಲು ತೆಗೆಯುವ ಸದ್ದಿಗೇ ಓಡಿಬರುತ್ತಿದ್ದ. "ನೋಡ್ರೀ, ಅವಳ ಹತ್ರ ಹೀಗೆ ಬರ್ತಿದ್ನಾ?" ಎಂದು ಜಂಬ ಕೊಚ್ಚಿದೆ. ನಿನಗಿಂತ ನನ್ನನ್ನೇ ಹಚ್ಚಿಕೊಳ್ಳಲಿ ಎಂಬ ಆಸೆ ನನಗಿತ್ತು. ಮುಚ್ಚಿಟ್ಟು ಏನು ಪ್ರಯೋಜನ?

ಒಂದು ದಿನ ಬೆಳಿಗ್ಗೆ ನೋಡುತ್ತೇನೆ, ತಲೆ ಬಗ್ಗಿಸಿ ತನ್ನ ಹಿಂಭಾಗಕ್ಕೇ ಬಾಯಿ ಹಾಕಿ ಏನನ್ನೋ ತಿನ್ನುತ್ತಿದ್ದಾನೆ. ಪುಟ್ಟ ದ್ರಾಕ್ಷಿ ಗೊಂಚಲಿನ ಹಾಗೆ ಅಂಟಿಕೊಂಡ ಮೆತ್ತನೆಯ ಹಿಕ್ಕೆ. ನನಗೆ ವಾಕರಿಕೆ ಬಂತು. ಅಯ್ಯೋ ದೇವರೇ, ಇದನ್ನು ತಿನ್ನಬೇಕಾದರೆ ಈ ಪ್ರಾಣಿಗೆ ಎಷ್ಟು ಹಸಿವಿರಬೇಕು ಎಂದುಕೊಂಡು ಇನ್ನೆರಡು ಬಿಸ್ಕತ್ತು ಹಾಕಿದೆ. ಅವತ್ತಿನಿಂದ ದಿನಾ ಎದ್ದ ಕೂಡಲೇ ಅವನನ್ನು ಎತ್ತಿ, ಹಿಂಭಾಗ ತೊಳೆದು, ಆ ಗೊಂಚಲನ್ನು ಬಾಚಿ ಎಸೆದು, ಆಮೇಲೇ ನನ್ನ ಪ್ರಾರ್ಥನೆಗೆ ಕೂರುತ್ತಿದ್ದೆ. ಮನೆ ಶುದ್ಧವಾಯಿತು ಎಂದು ಸಮಾಧಾನ.

ಕಳೆದ ವಾರ ಮಂಗಳವಾರದ ಹೊತ್ತಿಗೆ ಅವನ ಹೊಟ್ಟೆ ಕೆಟ್ಟಿತು. ಹಿಂಭಾಗವೆಲ್ಲ ಅಂಟಂಟು, ತಡೆಯಲಾರದ ವಾಸನೆ. ಬುಧವಾರವೂ ಅದೇ. ಆಗಲಾದರೂ ಚೀಟಿ ತೆಗೆದು ನೋಡಬೇಕಿತ್ತು. ನೋಡಲಿಲ್ಲ. ನಿನ್ನಣ್ಣ "ಅವಳಿಗೊಂದು ಫೋನ್ ಮಾಡ್ಲಾ?" ಅಂದರು. "ಕಾಲು ನೋವಲ್ಲಿ ಅವಳಿಗ್ಯಾಕೆ ತೊಂದ್ರೆ" ಅಂದೆ. ನಿಜವಾಗಿ, ಬ್ರೆಡ್ಡಿನ ವಿಷಯ ನಿನಗೆ ಗೊತ್ತಾಗುತ್ತದಲ್ಲ ಎಂಬ ಭಯ.

ಹೊಟ್ಟೆ ಕೆಟ್ಟರೆ ನನಗೆ ಗೊತ್ತಿರುವ ಮದ್ದು ಒಂದೇ. ನಿನಗೂ ಗೊತ್ತು. ಗುರುವಾರ ಹೇಗೂ ನನ್ನ ಉಪವಾಸ. ಅವತ್ತು ಬೆಳಿಗ್ಗೆ ಗೂಡಿನಿಂದ ಹುಲ್ಲು ತೆಗೆದೆ, ಸೊಪ್ಪು ತೆಗೆದೆ, ನೀರಿನ ಬಟ್ಟಲು ಮಾತ್ರ ಬಿಟ್ಟೆ. ದೇವರ ಮುಂದೆ ಕೂತು, "ಅವನೂ ಇವತ್ತು ನನ್ನ ಜೊತೆ ಉಪವಾಸ ಹಿಡಿದಿದ್ದಾನೆ, ಇಬ್ಬರದ್ದನ್ನೂ ಒಪ್ಪಿಸಿಕೋ" ಎಂದು ಕೇಳಿಕೊಂಡೆ. ಸೂಜಿ, ನಾನು ಅದನ್ನು ಭಕ್ತಿಯಿಂದ ಮಾಡಿದೆ.

ಮಧ್ಯಾಹ್ನದವರೆಗೆ ಅವನು ಗೂಡಿನ ಸರಳು ಕಡಿದ, ನೆಲ ಕೆರೆದ, ಹುಲ್ಲಿಟ್ಟಿದ್ದ ಮೂಲೆಯನ್ನು ಮೂಸಿ ಮೂಸಿ ನೋಡಿದ. "ಒಂದು ದಿನ ತಡ್ಕೊಳ್ಳೋ, ನಾನೂ ತಡ್ಕೊಂಡಿಲ್ವಾ?" ಎಂದು ಗದರಿದೆ. ಸಂಜೆಗೆ ತಣ್ಣಗಾದ. ಬೆನ್ನು ಗೂನು ಮಾಡಿ, ಕಣ್ಣು ಅರೆ ಮುಚ್ಚಿ, ಮೂಲೆಯಲ್ಲಿ ಅಲುಗಾಡದೆ ಕೂತ.

"ನೋಡ್ರೀ, ಧ್ಯಾನಕ್ಕೆ ಕೂತಿದ್ದಾನೆ" ಅಂದೆ ನಿನ್ನಣ್ಣನಿಗೆ.

"ಮೊಲ ಧ್ಯಾನ ಮಾಡೋದನ್ನ ನಾನೆಲ್ಲೂ ಕೇಳಿಲ್ಲ" ಅಂದರು ಅವರು. ನಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಹುಲ್ಲು ಹಾಕಿದೆ. ಮುಖ ತಿರುಗಿಸಿದ. ಬಿಸ್ಕತ್ತು ತೋರಿಸಿದೆ, ಅದಕ್ಕೂ ಇಲ್ಲ. ಕಟ ಕಟ ಹಲ್ಲು ಕಡಿಯುವ ಸದ್ದು ಮಾತ್ರ ಬರುತ್ತಿತ್ತು. ಹೊಟ್ಟೆ ಮುಟ್ಟಿದರೆ ಬಿಗಿದ ತಮಟೆ. ಹಿಕ್ಕೆಯ ತಟ್ಟೆಯಲ್ಲಿ ಒಂದು ಕಾಳೂ ಇರಲಿಲ್ಲ. ಆಗ ಸಕ್ಕರೆ ಡಬ್ಬಿ ಎತ್ತಿ ನಿನ್ನ ಚೀಟಿ ತೆಗೆದೆ. ಅರ್ಧ ದಿನ ಎಂದು ಬರೆದಿದ್ದೆ ನೀನು. ಒಂದು ದಿನ ಆಗಿತ್ತು.

ರೊಟ್ಟಿ ಅಂಗಡಿಗಳ ಹಿಂದಿನ ಬೀದಿಯಲ್ಲಿ, ನಾಲ್ಕು ಮೆಟ್ಟಿಲು ಇಳಿದರೆ ಒಬ್ಬ ಪ್ರಾಣಿಗಳ ಡಾಕ್ಟರಮ್ಮ ಇದ್ದಾರೆ. ಒಂಬತ್ತಕ್ಕೆ ಬಾಗಿಲು ತೆಗೆಯುವ ಹೊತ್ತಿಗೆ ಬುಟ್ಟಿ ಹಿಡಿದು ನಿಂತಿದ್ದೆ. ಅವರು ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು ತುಂಬ ಹೊತ್ತು ಕೇಳಿಸಿಕೊಂಡರು.

"ಒಳಗೆ ಸದ್ದೇ ಇಲ್ಲವಲ್ಲಮ್ಮ. ಯಾವಾಗಿಂದ ತಿಂದಿಲ್ಲ?"

"ನಿನ್ನೆಯಿಂದ."

"ನೀವು ಹಾಕಿದ್ರೂ ತಿನ್ನಲಿಲ್ವಾ?"

ಸೂಜಿ, ಇಲ್ಲಿ ನಾನು ಸತ್ಯ ಹೇಳಬಹುದಿತ್ತು. ಅಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. "ಹಾಕ್ದೆ. ಅವನೇ ಮುಟ್ಟಲಿಲ್ಲ" ಅಂದೆ.

ಎಕ್ಸ್‌ರೇ ತೆಗೆದರು. ಹೊಟ್ಟೆ ತುಂಬ ಗಾಳಿ. "ತಿನ್ನೋ ಮೊಲ ತಾನಾಗೇ ಹೀಗೆ ನಿಲ್ಲಿಸಿದೆ ಅಂದ್ರೆ ಏನಾದ್ರೂ ನುಂಗಿರಬೇಕು. ಬಟ್ಟೆ, ದಾರ, ಅಂಥದ್ದೇನಾದ್ರೂ?"

ಆಗ ನನ್ನ ಬಾಯಿಂದ ಬಂದ ಮಾತು ಇದು, ಒಂದಕ್ಷರ ಬಿಡದೆ ಬರೆಯುತ್ತೇನೆ: "ಇದು ನಂದಲ್ಲ ಡಾಕ್ಟ್ರೇ, ನನ್ನ ನಾದಿನೀದು. ಅವಳು ಪುಸ್ತಕ ಹೊಲಿಯೋ ಕೆಲಸದೋಳು. ಮನೆ ತುಂಬಾ ದಾರ ಬಿದ್ದಿರುತ್ತೆ. ಅಲ್ಲೇ ನುಂಗಿರ್ಬೇಕು."

ಅವರು ಅದನ್ನು ಕಾರ್ಡಿನ ಮೇಲೆ ಬರೆದುಕೊಂಡರು. "ಹಾಗಾದ್ರೆ ಬಾಯಿಗೆ ಏನೂ ಕೊಡೋ ಹಾಗಿಲ್ಲ. ದಾರ ಅಡ್ಡ ಸಿಕ್ಕಿದ್ರೆ, ಮೇಲಿಂದ ತಿನ್ನಿಸಿದ್ರೆ ಹೊಟ್ಟೇನೇ ಒಡೆಯುತ್ತೆ. ನೋವಿಗೆ ಇಂಜೆಕ್ಷನ್ ಕೊಟ್ಟು, ಚರ್ಮದ ಕೆಳಗೆ ನೀರು ಹಾಕಿ, ಸಂಜೆ ಐದರವರೆಗೆ ನೋಡ್ತೀನಿ. ಸರಿಹೋಗದಿದ್ರೆ ಹೊಟ್ಟೆ ಕೊಯ್ಯಬೇಕು. ಇಷ್ಟು ಸುಸ್ತಾದ ಮೊಲ ಆಪರೇಷನ್‌ನಲ್ಲಿ ಉಳಿಯೋದು ಕಷ್ಟ, ಈಗಲೇ ಹೇಳಿರ್ತೀನಿ. ನಿಮ್ಮ ನಾದಿನಿ ಒಪ್ಪಿಗೆ ಬೇಕು, ನಂಬರ್ ಕೊಡಿ."

"ನಾನೇ ಕೇಳಿ ಹೇಳ್ತೀನಿ" ಎಂದು ಹೊರಗೆ ಬಂದೆ. ನಿನಗೆ ಫೋನ್ ಮಾಡಲಿಲ್ಲ.

ಅವತ್ತು ಕ್ಯಾಂಟೀನಿನಲ್ಲಿ ಸೌಟು ಹಿಡಿದು ನಿಂತವಳು ನಾನಲ್ಲ, ನನ್ನ ಬಟ್ಟೆ. "ಏನಕ್ಕ, ಇವತ್ತು ಬಾಯಿ ರಜಾನಾ?" ಎಂದು ಬಾಯ್ಲರ್ ನೋಡಿಕೊಳ್ಳುವವನು ಕೇಳಿದ. ದಿನಾ "ಹೊಟ್ಟೆ ತುಂಬಾ ತಿನ್ರಪ್ಪ" ಎಂದು ಕೂಗುವವಳು ನಾನು, ಅವತ್ತು ಒಬ್ಬರಿಗೂ ಅದನ್ನು ಹೇಳಲಿಲ್ಲ. ಆಮೇಲೆ ಸ್ಟೋರಿನಲ್ಲಿ ಕೂತು ನಿನಗೆ ಆ ಕಾಗದ ಬರೆದೆ. ದಾರದ ಮಾತನ್ನು ಕೊನೆಗೆ ಸೇರಿಸಿದ್ದು ಯಾಕೆ ಗೊತ್ತೇ? ಮೊಲ ಸತ್ತರೆ, ನೀನೇ "ಹೌದು, ಒಂದು ಸಲ ದಾರ ಬಿದ್ದಿತ್ತು" ಎಂದು ನೆನೆಸಿಕೊಂಡು ಅಳಲಿ ಎಂದು. ಆ ಮೂಟೆಯ ಮೇಲೆ ಕೂತಾಗ ನನಗೆ ಅದು ಸ್ಪಷ್ಟವಾಗಿ ಗೊತ್ತಿತ್ತು.

ಗೇಟಿನ ಹತ್ತಿರದ ಡಬ್ಬಿಗೆ ಕಾಗದ ಹಾಕಿದೆ. ಅದು ಕೆಳಗೆ ಬಿದ್ದ ಸದ್ದು ಕೇಳಿದ ಕೂಡಲೇ ಕೈ ತೂರಿಸಿ ತೆಗೆಯಲು ನೋಡಿದೆ, ನಾಲ್ಕು ಬೆರಳಿಗಿಂತ ಹೆಚ್ಚು ಒಳಗೆ ಹೋಗಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಯಾರೋ, "ಏನಮ್ಮ, ಯಾರ ಕಾಗದ ಕದೀತಿದ್ದೀರಿ?" ಅಂದರು. ಬೆರಳು ತರಚಿತು ಅಷ್ಟೇ.

ನಾಲ್ಕು ಗಂಟೆಗೆ ಡಾಕ್ಟರಮ್ಮನ ಬೆಂಚಿನಲ್ಲಿ ಮೂರು ಜನ ಇದ್ದರು. ಒಬ್ಬರ ತೊಡೆಯ ಮೇಲೆ ಪಂಜರ, ಒಳಗೊಂದು ಗಿಳಿ. ನಾನು ಕೂತದ್ದೇ ತಡ, ಅದು ನನ್ನ ಕಡೆ ತಲೆ ವಾಲಿಸಿ, "ಊಟ ಆಯ್ತಾ? ಊಟ ಆಯ್ತಾ?" ಎಂದು ಶುರುಮಾಡಿತು.

"ಅದಕ್ಕೆ ಬೇರೆ ಮಾತು ಬರಲ್ಲಮ್ಮ" ಅಂದರು ಗಿಳಿಯವರು. "ನಮ್ಮ ಮನೇಲಿ ಬೇರೆ ಮಾತು ಯಾರೂ ಆಡಲ್ಲ."

ಬೆಂಚಿನವರೆಲ್ಲ ನಕ್ಕರು. ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ದೊರೆ ಬಿಸಿನೀರಿನ ಚೀಲಕ್ಕೆ ಒರಗಿ ಬಿದ್ದಿದ್ದ, ಕಿವಿ ತಣ್ಣಗೆ ಜೋತುಬಿದ್ದಿತ್ತು. ಡಾಕ್ಟರಮ್ಮ ಕತ್ತರಿ ಚಾಕುಗಳನ್ನು ಕುದಿಯಲು ಇಡುತ್ತಿದ್ದರು. ಗಿಳಿ ಕೇಳುತ್ತಲೇ ಇತ್ತು. ನಾನು ಎದ್ದು ಬಾಗಿಲಿಗೆ ಹೋದೆ.

"ಡಾಕ್ಟ್ರೇ, ಅವನು ತಿನ್ನೋದು ಬಿಡಲಿಲ್ಲ. ನಾನು ಬಿಡಿಸ್ದೆ."

"ಅಂದ್ರೆ?"

"ಹೊಟ್ಟೆ ಕೆಟ್ಟಿತ್ತು. ಉಪವಾಸ ಹಾಕ್ದೆ. ನಿನ್ನೆ ಬೆಳಿಗ್ಗೆಯಿಂದ ಹುಲ್ಲು ಕೊಡಲಿಲ್ಲ. ಅದಕ್ಕೂ ಮೊದಲು ಹದಿನೈದು ದಿನ ಬ್ರೆಡ್ಡು, ಬಿಸ್ಕತ್ತು, ಬಾಳೆಹಣ್ಣು."

ಬೆಂಚಿನವರೆಲ್ಲ ನನ್ನ ಕಡೆ ತಿರುಗಿದರು. ಗಿಳಿಯೂ ತಲೆ ವಾಲಿಸಿತು ನೋಡು.

"ಮತ್ತೆ ದಾರ?"

"ದಾರ ಇಲ್ಲ. ಅವಳ ಮನೇಲಿ ಒಂದು ಎಳೆ ನೆಲಕ್ಕೆ ಬೀಳಲ್ಲ. ಸೂಜಿ ಎಣಿಸಿ ಎತ್ತಿಡೋಳು ಅವಳು. ನಾನು ಸುಳ್ಳು ಹೇಳ್ದೆ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಲೆ ಆರಿಸಿದರು. ಮತ್ತೆ ಅವನ ಹೊಟ್ಟೆ ಒತ್ತಿ ಒತ್ತಿ ನೋಡಿದರು, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. "ಮೊಲಕ್ಕೆ ಉಪವಾಸ ಅಂತ ಇಲ್ಲಮ್ಮ. ಅದರ ಕರುಳು ಗಡಿಯಾರದ ಹಾಗೆ ನಡೀತಾನೇ ಇರ್ಬೇಕು. ಮೇಲಿಂದ ಹುಲ್ಲು ಹೋಗ್ತಾ ಇದ್ರೆ ಒಳಗಿಂದು ಮುಂದಕ್ಕೆ ಹೋಗುತ್ತೆ. ನಿಲ್ಲಿಸಿದ್ರೆ ಎಲ್ಲಾ ಅಲ್ಲೇ ನಿಂತು, ಗಾಳಿ ತುಂಬಿ, ಆ ನೋವಿಗೇ ಮತ್ತೆ ತಿನ್ನಲ್ಲ. ಬೆಳಿಗ್ಗೆ ಈ ಮಾತು ಹೇಳಿದ್ರೆ ಬೆಳಿಗ್ಗೇನೇ ತಿನ್ನಿಸ್ತಿದ್ದೆ."

ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕು. ನಾನು ಹಾಕಿದ ಎರಡನೇ ಉಪವಾಸ ಅದು, ನನ್ನ ಮರ್ಯಾದೆ ಉಳಿಸಿಕೊಳ್ಳಲು.

ಹುಲ್ಲಿನ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜಿಗೆ ತುಂಬಿ, ಅವರು ಅದನ್ನು ನನ್ನ ಕೈಗೇ ಕೊಟ್ಟರು. "ನೀವೇ ಕೊಡಿ. ಬಾಯಿಯ ಪಕ್ಕದಿಂದ, ಒಂದೊಂದೇ ಹನಿ. ನುಂಗಿದ ಮೇಲೆ ಇನ್ನೊಂದು." ಇನ್ನೂರು ಜನಕ್ಕೆ ಬಡಿಸುವ ಕೈಗೆ ಒಂದು ಹನಿಯ ಅಳತೆ ಸಿಗಲಿಲ್ಲ. ಮೊದಲನೆಯದನ್ನು ಉಗುಳಿದ. ಎರಡನೆಯದು ಗಲ್ಲದ ಮೇಲೆ ಹರಿಯಿತು. ಮೂರನೆಯದು ಗಂಟಲಲ್ಲಿ ಇಳಿದದ್ದು ನನ್ನ ಬೆರಳಿಗೆ ಗೊತ್ತಾಯಿತು.

ಶನಿವಾರ ಕ್ಯಾಂಟೀನಿಗೆ ರಜೆ ಹಾಕಿ ಇಡೀ ಹಗಲು ಅಲ್ಲೇ ಇದ್ದೆ. ಎರಡು ಗಂಟೆಗೊಮ್ಮೆ ತಿನ್ನಿಸುವುದು, ಹೊಟ್ಟೆ ನೀವುವುದು, ತಟ್ಟೆ ನೋಡುವುದು. ತಟ್ಟೆ ಖಾಲಿ. ಭಾನುವಾರ ಮಧ್ಯಾಹ್ನ ತಟ್ಟೆಯಲ್ಲಿ ಮೆಣಸಿನ ಕಾಳಿನಷ್ಟು ಒಂದು ಹಿಕ್ಕೆ ಬಿದ್ದಿತ್ತು. ಕಪ್ಪಗೆ, ಒಣಗಿ, ಒಂದು ಕಡೆ ಚಪ್ಪಟೆ. ನಾನು "ಡಾಕ್ಟ್ರೇ!" ಎಂದು ಕಿರುಚಿದ ರಭಸಕ್ಕೆ ಅವರು ಸತ್ತೇಹೋಯಿತೆಂದು ತಿಂಡಿಯ ತಟ್ಟೆ ಹಿಡಿದೇ ಓಡಿಬಂದರು. ಐವತ್ತು ವರ್ಷದ ಹೆಂಗಸು ಅಂಗೈ ಮೇಲೆ ಹಿಕ್ಕೆ ಇಟ್ಟುಕೊಂಡು ಅಳುವುದನ್ನು ನೋಡಿ ಅವರೂ ನಕ್ಕರು, ನಾನೂ ನಕ್ಕೆ. ಸಂಜೆಯೊಳಗೆ ಇನ್ನೂ ಏಳು ಬಿದ್ದವು.

ಆ ದ್ರಾಕ್ಷಿ ಗೊಂಚಲಿನ ವಿಷಯವನ್ನೂ ಕೇಳಿದೆ. ಅದು ಹೇಸಿಗೆಯಲ್ಲವಂತೆ. ಹುಲ್ಲಿನ ಸತ್ವ ಒಂದೇ ಸಲಕ್ಕೆ ಮೈಗೆ ಹತ್ತುವುದಿಲ್ಲವಾಗಿ, ಅವನ ಹೊಟ್ಟೆಯೇ ಅದನ್ನು ಹದಮಾಡಿ ಇನ್ನೊಮ್ಮೆ ತಿನ್ನಲು ಕೊಡುತ್ತದಂತೆ. ಅವನನ್ನು ಹಾಗೆ ಮಾಡಿದವನು ದೇವರೇ. ನಾನು ದಿನಾ ಬೆಳಿಗ್ಗೆ ದೇವರು ಬಡಿಸಿದ ಎಲೆಯನ್ನು ಎತ್ತಿ ಬಿಸಾಡಿ, ಆಮೇಲೆ ಆ ದೇವರ ಮುಂದೆಯೇ ಕೈ ಮುಗಿದು ಕೂರುತ್ತಿದ್ದೆ.

ಸೋಮವಾರ ಮನೆಗೆ ತಂದೆವು. ನಿನ್ನ ಚೀಟಿ ಈಗ ಗೂಡಿನ ಮೇಲೆ ಅಂಟಿಸಿದೆ. ನಿನ್ನಣ್ಣನಿಗೆ ಎಲ್ಲವನ್ನೂ ಹೇಳಿದೆ. ಬ್ರೆಡ್ಡಿಗೆ, ಉಪವಾಸಕ್ಕೆ ಅವರು ಏನೂ ಅನ್ನಲಿಲ್ಲ. ದಾರದ ಮಾತು ಬಂದಾಗ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. "ಅವಳ ಮೇಲೆ ಯಾಕೆ ಹಾಕ್ದೆ?" ಎಂದು ಅಷ್ಟೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿನಗೆ ಇಷ್ಟವಿಲ್ಲದಿದ್ದರೆ ನಿನ್ನ ಪ್ರೆಸ್ಸಿನ ಗೆಳತಿಯರು ಯಾರಾದರೂ ಬಂದು ದೊರೆಯನ್ನು ಕರೆದುಕೊಂಡು ಹೋಗಲಿ. ನಾನು ಬುಟ್ಟಿ ಕಟ್ಟಿ ಕೊಡುತ್ತೇನೆ, ಒಂದು ಮಾತೂ ಆಡುವುದಿಲ್ಲ. ಇಲ್ಲೇ ಇರಲಿ ಅಂದರೆ ಚೀಟಿಯ ಒಂದು ಗೆರೆ ದಾಟುವುದಿಲ್ಲ.

ನಿನ್ನ ಮೂಳೆ ಗಟ್ಟಿಯಾಗಿ ಕೂಡಲಿ. ನೀನು ಎದ್ದು ಹೆಜ್ಜೆ ಇಡುವ ದಿನವನ್ನು ಕಣ್ಣಾರೆ ಕಾಣುವ ಭಾಗ್ಯ ನನಗೆ ಸಿಗಲಿ. ನಿನಗೆ ಒಳ್ಳೆಯದಾಗಲಿ ತಾಯಿ.

ನಿನ್ನ ಅತ್ತಿಗೆ

ತಾ.ಕ.: ಲಕೋಟೆಗೆ ಹಾಕಿ ಅಂಟಿಸಿದ್ದೆ. ಮತ್ತೆ ಬಿಡಿಸಿದೆ. ನಿನ್ನಣ್ಣನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ ಎಂದು ಬರೆದೆನಲ್ಲ, ಅದೂ ಸುಳ್ಳು.

ನಿನ್ನ ಮೇಲೆ ಹಾಕುವುದು ನನಗೆ ರೂಢಿ. ಇಪ್ಪತ್ತೆಂಟು ವರ್ಷದ ಹಿಂದೆ, ನಾವೆಲ್ಲ ಒಂದೇ ಮನೆಯಲ್ಲಿದ್ದಾಗ, ನನ್ನ ಹನ್ನೊಂದು ತಿಂಗಳ ಮಗಳಿಗೆ ಭೇದಿ ಹಿಡಿಯಿತು. ನಿಲ್ಲುವವರೆಗೆ ಹೊಟ್ಟೆಗೆ ಒಂದು ಹನಿಯೂ ಹೋಗಕೂಡದು ಎಂದು ಹೇಳಿದವಳು ನಾನು. ಮೂರು ದಿನ. ಅವಳು ಒಣಗಿದ ತುಟಿ ಚಪ್ಪರಿಸುತ್ತಿದ್ದಳು. ಮೂರನೆಯ ದಿನ ನೀನು ಅಡುಗೆಮನೆಯ ಬಾಗಿಲ ಹಿಂದೆ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಉಪ್ಪು ಹಾಕಿದ ಗಂಜಿ ನೀರು ಕುಡಿಸುತ್ತಿದ್ದೆ. ನಾನು ಚಮಚ ಕಿತ್ತುಕೊಂಡು ನಿನ್ನ ಕೆನ್ನೆಗೆ ಹೊಡೆದೆ. ಅವತ್ತು ಸಂಜೆ ಆಸ್ಪತ್ರೆಯಲ್ಲಿ ಅವಳು ಹೋದಳು.

ನಿನಗೆ ಗೊತ್ತಿರುವುದು ಇಷ್ಟು. ಇನ್ನು ಮುಂದಿನದು ನಿನಗೆ ಗೊತ್ತಿಲ್ಲ. ನೀನು ಹೊರಗೆ ನಲ್ಲಿಯ ಹತ್ತಿರ ಅವಳ ಬಟ್ಟೆ ಒಗೆಯುತ್ತಿದ್ದೆ. ನರ್ಸಮ್ಮ ನನ್ನನ್ನು ಒಳಗೆ ಕರೆದು, "ಮಗೂಗೆ ಏನೂ ಕುಡಿಸಿರಲಿಲ್ವಾ?" ಎಂದು ಕೇಳಿದರು. "ನಾನು ಬೇಡ ಅಂದಿದ್ದೆ, ನಾದಿನಿ ಕದ್ದು ಎರಡು ಚಮಚ ಗಂಜಿ ಕುಡಿಸಿಬಿಟ್ಲು" ಅಂದೆ. ಅವರು ನನ್ನ ಮುಖ ನೋಡಿದರು. "ಆ ಹುಡುಗಿಗಾದ್ರೂ ಬುದ್ಧಿ ಇತ್ತು. ಅದನ್ನೇ ಮೂರು ದಿನವೂ ಕುಡಿಸಿದ್ರೆ ಮಗು ಉಳೀತಿತ್ತು" ಅಂದರು.

ಅದನ್ನು ಕೇಳಿಸಿಕೊಂಡವಳು ನಾನೊಬ್ಬಳೇ. ಹೊರಗೆ ಬಂದೆ. ಅತ್ತೆ, ಮಾವ, ನಿನ್ನಣ್ಣ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನೀನು ಒದ್ದೆ ಕೈಯಲ್ಲಿ ಬಂದು ನಿಂತಿದ್ದೆ. "ಇವಳು ಗಂಜಿ ಕುಡಿಸಿದ್ಲು, ಅದಕ್ಕೇ" ಅಂದೆ.

ನೀನು ಅಲ್ಲ ಅನ್ನಲಿಲ್ಲ. ನೀನೂ ನಂಬಿದೆ. ಆಮೇಲೆ ಯಾರ ಮನೆಯ ಮಗುವಿಗೂ ನೀನು ನಿನ್ನ ಕೈಯಾರೆ ಒಂದು ತುತ್ತು ತಿನ್ನಿಸಿದ್ದನ್ನು ನಾನು ಕಂಡಿಲ್ಲ. ತಟ್ಟೆ ಬಂದ ಕೂಡಲೇ ಮಗುವನ್ನು ಅವರಮ್ಮನ ಕೈಗೆ ಕೊಟ್ಟು ಎದ್ದುಹೋಗುತ್ತೀಯ. ಪ್ರತಿ ಸಲ ನೋಡಿದ್ದೇನೆ. ಪ್ರತಿ ಸಲ ಬಾಯಿ ಮುಚ್ಚಿಕೊಂಡಿದ್ದೇನೆ.

ಇವತ್ತು ಸಂಜೆ ನಿನ್ನಣ್ಣ ಕೆಲಸದಿಂದ ಬಂದ ಮೇಲೆ ಅವರಿಗೂ ಹೇಳುತ್ತೇನೆ. ಮೊದಲು ನಿನಗೆ ತಿಳಿಯಲಿ ಎಂದು ಬರೆದೆ. ಆ ಮೂರು ದಿನ ಆ ಮನೆಯಲ್ಲಿ ನನ್ನ ಮಗಳಿಗೆ ತಾಯಿ ಮಾಡಬೇಕಾದ ಕೆಲಸ ಮಾಡಿದವಳು ನೀನೊಬ್ಬಳೇ. ನಿನಗೆ ಆಗ ಹದಿನಾಲ್ಕು ವರ್ಷ.